ಬಸುರಿ ಭೂಮಿಗೆ ಬಿಟ್ಟ ನೀರು

॥ ಎಂಟು ಮೂರ್ತಿಗಳಲ್ಲಿ ನೆಲವೂ ಜಲವೂ ತಾನೇ ಆಗಿ ನಿಂತ ಶ್ರೀ ಪಂಪಾವಿರೂಪಾಕ್ಷನಿಗೆ ಶರಣು ॥

ಹಿರೇಬಾವಿ ಗ್ರಾಮ, ಹಚ್ಚೊಳ್ಳಿ ಹೋಬಳಿ,
ಸಿರುಗುಪ್ಪ ತಾಲ್ಲೂಕು.
ಸ್ವಸ್ತಿ ಶ್ರೀ ವಿಶ್ವಾವಸು ನಾಮ ಸಂವತ್ಸರದ ದಕ್ಷಿಣಾಯನ, ಶರದೃತು, ಕಾರ್ತಿಕ ಬಹುಳ ತ್ರಯೋದಶಿ, ಸೋಮವಾರ, ಪ್ರದೋಷಪೂಜೆಗೆ ಮುನ್ನ.

ಚಿರಂಜೀವಿ ಸೌಭಾಗ್ಯವತಿ ಅರುಣಾಳಿಗೆ ಮಾವ ಪ್ರಭುಲಿಂಗಯ್ಯನು ಮಾಡುವ ಅನಂತ ಆಶೀರ್ವಾದಗಳು.

ತಾಯಿ, ನಿನ್ನ ದೇಹಸ್ಥಿತಿ ಹೇಗಿದೆ? ಕಾಲುಗಳ ಊತ ಇಳಿಯಿತೆ? ಬಳ್ಳಾರಿ ಕಂಟೋನ್ಮೆಂಟಿನ ತವರುಮನೆಯ ಅಂಗಳದಲ್ಲಿ ಸಂಜೆಯ ಹೊತ್ತು ತುಸು ನಡೆದಾಡುತ್ತಿರುವೆಯೆಂದೂ, ನಡೆಯುವಾಗಲೂ ಸಂಶೋಧನೆಯ ಕಾಗದಗಳನ್ನು ಓದುತ್ತಿರುವೆಯೆಂದೂ ನಿನ್ನ ಗಂಡ ವಿರೂಪಾಕ್ಷಿ ಬಂದು ಹೇಳಿದ. ಓದುವುದಾದರೆ ಕುಳಿತು ಓದು. ನಡೆಯುವುದಾದರೆ ನೆಲ ನೋಡಿ ನಡೆ. ಒಂಬತ್ತು ತುಂಬಿದ ಹೆಣ್ಣಿಗೆ ಎರಡು ಕೆಲಸ ಒಟ್ಟಿಗೆ ಸಲ್ಲದು. ಬಾಣಂತನಕ್ಕೆ ಬೇಕಾಗುವ ಅಂಟು, ಒಣಕೊಬ್ಬರಿ, ಉತ್ತತ್ತಿಗಳನ್ನು ನಿನ್ನ ಅತ್ತೆ ಪಂಪಾವತಿ ಒಂದು ಗಂಟು ಕಟ್ಟಿದ್ದಾಳೆ. ಕುರುಗೋಡಿನ ದೊಡ್ಡಬಸವೇಶ್ವರನ ಭಸ್ಮವೂ ಅದರಲ್ಲಿದೆ. ನಾಳೆ ವಿರೂಪಾಕ್ಷಿ ಬಳ್ಳಾರಿಗೆ ಬರುವಾಗ ಗಂಟನ್ನೂ ಈ ಪತ್ರವನ್ನೂ ತರುತ್ತಾನೆ. ಇಲ್ಲಿ ನಾವು ಶರೀರದಿಂದ ಕ್ಷೇಮವಾಗಿದ್ದೇವೆ.

ಫೋನಿನಲ್ಲಿ ಆಡಬಹುದಾದ ಮಾತನ್ನು ಮಾವನವರು ಕಾಗದದ ಮೇಲೇಕೆ ಇಳಿಸಿದ್ದಾರೆಂದು ನೀನು ನಗಬಹುದು. ಈ ಮನೆಯಲ್ಲಿ ಫೋನೆಂಬುದು ಊರ ಮುಂದಿನ ಕಟ್ಟೆಯಿದ್ದಂತೆ. ನಿನ್ನ ಅತ್ತೆ ಅದನ್ನು ದೊಡ್ಡ ದನಿಗೆ ತಿರುಗಿಸಿ ನಡುಮನೆಯಲ್ಲಿಟ್ಟರೆ ಪಕ್ಕದ ಮನೆಯ ಉಚ್ಚಂಗೆಮ್ಮ ತನ್ನ ಒಲೆಯ ಮುಂದಿನಿಂದಲೇ ಉತ್ತರ ಕೊಡುತ್ತಾಳೆ. ಅದೂ ಅಲ್ಲದೆ, ಬಸುರಿಗೆ ಕೆಟ್ಟ ಸುದ್ದಿ ಮುಟ್ಟಬಾರದೆಂದು ಸೀಗೆಹುಣ್ಣಿಮೆಯಿಂದ ಈಚೆಗೆ ನಾವೆಲ್ಲರೂ ಒಂದು ಸಂಗತಿಯನ್ನು ನಿನ್ನಿಂದ ಮುಚ್ಚಿಟ್ಟಿದ್ದೇವೆ. ಕೃಷಿ ಸಂಶೋಧನಾ ಕೇಂದ್ರದಲ್ಲಿ ನಿನ್ನ ಕೈಕೆಳಗೆ ಕೆಲಸ ಮಾಡುವ ಜಂಬುನಾಥನಿಂದಲೂ ವಿರೂಪಾಕ್ಷಿ ಆಣೆ ಮಾಡಿಸಿಕೊಂಡಿದ್ದಾನೆ. ಆದರೆ ಈ ಸುದ್ದಿಗೆ ಒಡತಿ ನೀನು. ಒಡತಿಯಿಂದ ಮುಚ್ಚಿಟ್ಟು ನಾವು ಯಾರನ್ನು ಕಾಯುತ್ತಿದ್ದೇವೆಂಬುದು ನನಗೆ ತಿಳಿಯದಾಗಿದೆ. ಗೋಡೆಗೆ ಒರಗಿ ಕುಳಿತು ಓದು.

ಹೋದ ವರ್ಷ ನಮ್ಮ ಓಣಿಯ ಹಂಪಕ್ಕನ ಎಳೆಯ ಮೊಮ್ಮಗುವಿನ ತುಟಿಯೂ ಉಗುರೂ ನೀಲಿಗಟ್ಟಿ, ಬಳ್ಳಾರಿಯ ಆಸ್ಪತ್ರೆಗೆ ಒಯ್ದು ಉಳಿಸಿಕೊಂಡ ಮರುದಿನ ನೀನು ನಮ್ಮ ಮಠದ ಬಾವಿಯ ನೀರನ್ನು ಸೀಸೆಯಲ್ಲಿ ತುಂಬಿಕೊಂಡು ಹೋದೆ. ಗದ್ದೆಗೆ ಎರಚಿದ ಗೊಬ್ಬರವು ಹೆಚ್ಚಾದ ನೀರಿನೊಡನೆ ಇಳಿದು, ಹಳ್ಳದ ದಂಡೆಯ ಆ ಬಾವಿಯನ್ನು ಸೇರಿ, ನೈಟ್ರೇಟ್ ಎಂಬ ರೂಪದಲ್ಲಿ ನಿಂತಿದೆಯೆಂದೂ, ದೊಡ್ಡವರ ಮೈಗೆ ಅದರ ಬಾಧೆ ಬೇಗ ಕಾಣದೆಂದೂ, ಎಳೆಗೂಸಿನ ನೆತ್ತರಿಗೆ ಮಾತ್ರ ಉಸಿರನ್ನು ಹೊರುವ ಶಕ್ತಿಯನ್ನೇ ಕಳೆಯುತ್ತದೆಂದೂ ಜಗುಲಿಯ ಮೇಲೆ ಕುಳಿತು ನಮಗೆ ತಿಳಿಯಹೇಳಿದೆ. ಕಾಯಿಸಿ ಕುಡಿಸಿದರೆ ಆಯಿತಲ್ಲ ಎಂದಳು ನಿನ್ನ ಅತ್ತೆ. “ಅತ್ತೀ, ಸಾರಿಗೆ ಉಪ್ಪು ಹೆಚ್ಚಾದ್ರ ಕುದಿಸಿ ತೆಗೀತೀರೇನು? ಕುದಿಸಿದಷ್ಟೂ ಗಟ್ಟಿ ಆಗ್ತೈತಿ” ಎಂದ ನಿನ್ನ ಮಾತಿಗೆ ಜಗುಲಿಯೆಲ್ಲ ನಕ್ಕಿತು. ನಾನು ನಗಲಿಲ್ಲ. ಬುದ್ಧಿ ತಿಳಿದಂದಿನಿಂದ ನಾನು ಆ ಬಾವಿಯ ನೀರನ್ನೇ ಲಿಂಗಕ್ಕೆ ಅಗ್ಘವಣಿಯಾಗಿ ಎರೆದು, ಎರೆದುದನ್ನೇ ಪ್ರಸಾದವೆಂದು ಕುಡಿದವನು. ನನ್ನ ದೇವರ ತಲೆಯ ಮೇಲೆ ನಾನು ಏನನ್ನು ಸುರಿಯುತ್ತಿದ್ದೇನೆಂದು ಅಂದು ಮೊದಲ ಬಾರಿಗೆ ಯೋಚಿಸಿದೆ.

ಈ ಹಂಗಾಮಿಗೆ ನೀನು ಹಳ್ಳದ ಮೇಲಣ ಗದ್ದೆಯವರನ್ನೆಲ್ಲ ಒಪ್ಪಿಸಿ ನೀರು ಕಟ್ಟುವ ರೀತಿಯನ್ನೇ ಬದಲಿಸಿದೆ. ಮೈತುಂಬ ತೂತು ಕೊರೆದ ಕೊಳವೆಯನ್ನು ಗದ್ದೆಯಲ್ಲಿ ಹೂಳಿ, ಅದರೊಳಗಿನ ನೀರು ಒಂದು ಗೇಣು ಕೆಳಗಿಳಿದ ಮೇಲಷ್ಟೇ ಮತ್ತೆ ತೆಳ್ಳಗೆ ನೀರು ಬಿಡಬೇಕು. ಪೈರಿನ ಒಡಲಲ್ಲಿ ತೆನೆ ಮೂಡಿ ಹೊಡೆ ತುಂಬುವತನಕ ಹೀಗೆಯೇ ಆರಲು ಬಿಟ್ಟು ಉಣಿಸಬೇಕು. ಗೊಬ್ಬರವನ್ನು ಪಾಲುಮಾಡಿ ಕೊಡಬೇಕು ಎಂದು ವಿಧಿಸಿದೆ. ಉಚ್ಚಂಗೆಮ್ಮ ಕೊಳವೆಯೊಳಗೆ ಇಣುಕಿ, “ಡಾಕ್ಟರು ಬಸುರಿ ಹೊಟ್ಟಿಗೆ ಕೊಳವಿ ಇಟ್ಟು ಕೇಳಿದಂಗ ಆತು ಬಿಡವಾ. ಏನಂತೈತಿ ಒಳಗಿನ ಕೂಸು?” ಎಂದು ನಿನ್ನನ್ನು ಕಾಡಿಸಿದ್ದು ನೆನಪಿದೆಯಲ್ಲವೆ? ಕಾರ್ತಿಕದ ಹೊತ್ತಿಗೆ ಬಾವಿಯ ನೀರು ಸುಧಾರಿಸಿದರೆ ಬರುವ ವರ್ಷ ಕಾಲುವೆಯ ಉದ್ದಕ್ಕೂ ಎಲ್ಲರೂ ಇದೇ ಕ್ರಮ ಹಿಡಿಯುವುದೆಂದು ಊರು ಮಾತು ಕೊಟ್ಟಿತ್ತು. ನಿನ್ನ ಮನಸ್ಸಿನಲ್ಲಿ ಇನ್ನೊಂದು ಎಣಿಕೆಯೂ ಇತ್ತು, ಸೀಮಂತದ ಕುಬಸವಿಟ್ಟ ದಿನ ನನ್ನ ಕಾಲಿಗೆರಗಿ ಅದನ್ನು ಮೆಲ್ಲನೆ ಆಡಿದೆ: “ಮಾವಾರ, ನನ್ನ ಕೂಸು ಬರೋದ್ರೊಳಗ ಬಾವಿ ಗುಣ ಆಗಬೇಕ್ರಿ.” ಭಾದ್ರಪದದಲ್ಲಿ ಜಂಬುನಾಥ ನೀರು ಪರೀಕ್ಷಿಸಿ, ದೋಷ ಇಳಿಮುಖವಾಗಿದೆಯೆಂದು ಹೇಳಿದಾಗ ನಾನು ಲಿಂಗದ ಮುಂದೆ ಅತ್ತೆನು. ಅದು ಸಂತೋಷದ ಅಳು.

ಸೀಗೆಹುಣ್ಣಿಮೆ ಬಂದಿತು. ಭೂಮಿತಾಯಿ ಬಸುರಿಯೆಂದು ಹೊಲಕ್ಕೆ ಎಡೆ ಒಯ್ಯುವ ದಿನ. ಹಿಂದಿನ ಸಂಜೆಯಷ್ಟೇ ಎಲ್ಲ ಗದ್ದೆಗಳಿಗೂ ಗೊಬ್ಬರದ ಪಾಲನ್ನು ಎರಚಿಯಾಗಿತ್ತು. ಹಬ್ಬದ ಮರುದಿನ ಬೆಳಿಗ್ಗೆ ಜಂಬುನಾಥ ಬಂದು ತಾನೇ ನಿಂತು ತೆಳುನೀರು ಬಿಡಿಸುವವನಿದ್ದ. ವಿರೂಪಾಕ್ಷಿ ನಿನ್ನನ್ನು ನೋಡಲು ಬಳ್ಳಾರಿಗೆ ಬಂದಿದ್ದ. ನಾವು ಬುಟ್ಟಿ ಹೊತ್ತು ಹೋಗಿ ಬದುವಿನ ಮೇಲೆ ಐದು ಕಲ್ಲು ನಿಲ್ಲಿಸಿ, ಹಸಿರು ಕುಪ್ಪಸ ಏರಿಸಿ, ಬಳೆ ಇಟ್ಟು, ಹೋಳಿಗೆ ಕಡುಬುಗಳ ಎಡೆಮಾಡಿದೆವು. ಎಡೆಯ ಚರಗವನ್ನು ಪೈರಿನ ನಡುವೆ ಚೆಲ್ಲಲು ಗದ್ದೆಗಿಳಿದ ಉಚ್ಚಂಗೆಮ್ಮ ಅಲ್ಲಿಯೇ ನಿಂತುಬಿಟ್ಟಳು. ಆರುವ ಸರದಿಯ ಕೊನೆಯ ದಿನವಾದ್ದರಿಂದ ಕರಿಯ ನೆಲ ಕೂದಲೆಳೆಯಂತೆ ಬಿರುಕು ಬಿಟ್ಟಿತ್ತು. “ಅಯ್ಯೋ ನಮ್ಮವ್ವಾ! ಬಸುರಿ ಹೆಂಗಸಿನ ತುಟಿ ಒಡೆದಂಗ ಒಡೆದೈತಲ್ಲೇ ನೆಲ! ಬಾಯಿಗೆ ಹನಿ ನೀರಿಲ್ಲ, ಮುಂದ ಹೋಳಿಗಿ ಇಡಾಕ ಬಂದೀವಿ. ನಾಚಿಕಿ ಬರಂಗಿಲ್ಲೇನು ನಮಗ?” ಎಂದಳು. ಹೆಂಗಸರೆಲ್ಲ ಸುತ್ತಲೂ ನೆರೆದರು.

ನಾನು ಹೇಳಬೇಕಾದುದನ್ನು ಹೇಳಿದೆನು. ಈ ವರ್ಷ ಕಾಲುವೆಗೆ ನೀರು ತಡವಾಗಿ ಬಂದು ನಾಟಿ ತಡವಾಯಿತು. ಪೈರಿಗೆ ಹೊಡೆ ತುಂಬಲು ಇನ್ನೂ ದಿನಗಳಿವೆ. ಗೊಬ್ಬರ ಎರಚಿದ ನೆಲಕ್ಕೆ ತುಂಬುನೀರು ಹರಿದರೆ ಅದೆಲ್ಲವೂ ಬಾವಿಗೇ ಹೋಗುತ್ತದೆ. ಒಂದು ರಾತ್ರಿ ತಾಳಿರಿ ಎಂದೆನು. ಉಚ್ಚಂಗೆಮ್ಮ ಸೊಂಟದ ಮೇಲೆ ಕೈಯಿಟ್ಟು, “ಅಯ್ನೋರ, ಮುಂಜಾನೆ ನೀವ ಪಂಚಾಂಗ ತೆಗೆದು ಇವತ್ತು ಭೂಮ್ತಾಯಿ ಬಸುರಿ ಅಂದ್ರಿ. ಈಗ ನೀವ ಅಲ್ಲ ಅಂದ್ರ ನಾವು ಇನ್ಯಾರನ್ನ ಕೇಳಬೇಕ್ರಿ?” ಎಂದಳು. ಯಾರೋ ನಕ್ಕರು. ಅದಕ್ಕೂ ನನ್ನಲ್ಲಿ ಉತ್ತರವಿತ್ತು. ಆದರೆ ನಿನ್ನ ಅತ್ತೆ, ಮದುವೆಯಾದಂದಿನಿಂದ ನಾಲ್ಕು ಜನರ ಮುಂದೆ ನನ್ನ ಮಾತಿಗೆ ಎದುರಾಡದವಳು, ಸೆರಗು ಬಿಗಿದುಕೊಂಡು ಮುಂದೆ ಬಂದಳು. “ಕಂಟೋನ್ಮೆಂಟಿನಾಗ ನಿಮ್ಮ ಸೊಸಿನೂ ಬಸುರಿ ಅದಾಳ್ರಿ. ಆಕಿ ನೀರು ಬೇಡಿದ್ರ, ತಡಿಯವಾ, ನಾಳಿಗಿ ಕೊಡ್ತೀನಿ ಅಂತೀರೇನು?” ನಾನು ಬಾಯಿ ತೆರೆಯುವಷ್ಟರಲ್ಲಿ ತೂಬಿನ ಹಲಗೆ ಮೇಲೆದ್ದಿತ್ತು. ಅದನ್ನು ಎತ್ತಿದವರಲ್ಲಿ ಅವಳ ಕೈಯೂ ಇತ್ತು. ನಮ್ಮ ಗದ್ದೆಗೆ ನೀರು ನುಗ್ಗಿದುದನ್ನು ಕಂಡು ಕೆಳಗಿನ ಗದ್ದೆಯವರೂ, ಅವರ ಕೆಳಗಿನವರೂ ತಮ್ಮ ತಮ್ಮ ತೂಬುಗಳನ್ನೆತ್ತಿದರು. ನೀರು ಬದು ಮೀರಿ ಹಳ್ಳಕ್ಕೆ ಧುಮುಕಿತು. ಹೆಂಗಸರು ಆರತಿ ಎತ್ತಿ ಸೋಬಾನೆ ಹಾಡಿದರು. ತಾಯಿ, ಅಷ್ಟು ನಿರ್ಮಲವಾದ ಸಂತೋಷವನ್ನು ನಾನು ಈ ಊರಿನಲ್ಲಿ ಬಹುಕಾಲದಿಂದ ಕಂಡಿರಲಿಲ್ಲ. ನನ್ನ ಪಾಲಿನ ಹೋಳಿಗೆಯನ್ನು ಬುಟ್ಟಿಗೇ ಹಿಂದಿರುಗಿಸಿದೆನು.

ಮರುದಿನ ಜಂಬುನಾಥ ಬಂದು ಬದುವಿನ ಮೇಲೆ ಕುಕ್ಕರಿಸಿದ. ಕೊಳವೆಗಳು ನೀರಿನಲ್ಲಿ ಮುಳುಗಿಹೋಗಿದ್ದವು. ಯಾರನ್ನೂ ಬೈಯಲಿಲ್ಲ. ಕೆಲವು ದಿನಗಳಲ್ಲಿ ಬಾವಿಯ ನೀರಿನ ಮೇಲೆ ದಟ್ಟವಾದ ಹಸಿರು ಪಾಚಿ ಹಬ್ಬಿತು. ಭೂಮಿತಾಯಿ ತಾನುಟ್ಟ ಹಸಿರು ಸೀರೆಯನ್ನು ಬಾವಿಗೂ ಉಡಿಸಿದಳೆಂದು ಹೆಂಗಸರು ಕುಂಕುಮ ಏರಿಸಿದರು. ಪೈರೂ ಕಡುಹಸಿರಾಗಿ ಎದ್ದು ನಿಂತಿದೆ. ಇಷ್ಟು ಸಾಕಾಯಿತು; ತುಂಬುನೀರು ಬಿಟ್ಟದ್ದರಿಂದಲೇ ತಾಯಿ ಒಲಿದಳೆಂದು ಕಟ್ಟೆಯ ಮೇಲೆ ತೀರ್ಪಾಗಿಹೋಯಿತು. ಕೊಳವೆಗಳನ್ನು ಕಿತ್ತು ಕೆಲವರು ಹಿತ್ತಲಿನ ಬಚ್ಚಲುನೀರಿಗೆ ಹಾಕಿಕೊಂಡಿದ್ದಾರೆ. ಮೊನ್ನೆ ಜಂಬುನಾಥ ಬಾವಿಯ ನೀರನ್ನು ಮತ್ತೆ ಪರೀಕ್ಷಿಸಿದ. ಸಂಖ್ಯೆಗಳನ್ನು ಅವನೇ ನಿನಗೆ ಹೇಳಲಿ. ನನಗೆ ತಿಳಿದುದಿಷ್ಟು: ನೀನು ಕೆಲಸ ಹಿಡಿಯುವ ಮುನ್ನ ಇದ್ದುದಕ್ಕಿಂತಲೂ ಈಗ ಕೆಟ್ಟಿದೆ. ಇಲ್ಲಿಯ ಗದ್ದೆಗಳ ಲೆಕ್ಕವನ್ನು ಇನ್ನು ಪ್ರಯೋಗಕ್ಕೆ ಹಿಡಿಯಲು ಬಾರದೆಂದೂ, ಬರುವ ಹಂಗಾಮಿಗೆ ಕೇಂದ್ರದವರು ಬೇರೆ ಊರನ್ನು ನೋಡುತ್ತಾರೆಂದೂ ಹೇಳಿ, ನನ್ನ ಪಾದ ಮುಟ್ಟಿ ಹೋದ. ನಾನು ಕಟ್ಟೆಯಲ್ಲಿ ಎರಡು ಬಾರಿ ಮಾತೆತ್ತಿದೆನು. ನನ್ನ ಮಾತಿಗೆ ಎಲ್ಲರೂ ಎದ್ದು ನಿಂತು ಕೈಮುಗಿದರು. ಕೇಳಿದವರು ಯಾರೂ ಇಲ್ಲ.

ಇನ್ನು ನಿನ್ನ ಅತ್ತೆ ನನ್ನ ಎದುರಿಗೆ ಕುಳಿತು ಬರೆಯಿಸುವ ಮಾತು. ನೀರಿನ ಪರೀಕ್ಷೆಯ ಸುದ್ದಿಯನ್ನು ಆಕೆಗೂ ಹೇಳಿದ್ದೇನೆ. “ನಮ್ಮ ಬಾವಿ ಎಂದಾದ್ರೂ ನಮ್ಮ ಕೂಸಿಗಿ ಕೇಡು ಬಗೀತೈತೇನ್ರಿ? ವಿರೂಪಾಕ್ಷಿ ಬೆಳೀಲಿಲ್ಲೇನು ಅದ ನೀರು ಕುಡಿದು?” ಎನ್ನುತ್ತಾಳೆ. ತೊಟ್ಟಿಲಿನ ಹಗ್ಗ ಬದಲಿಸಿದ್ದಾಳೆ. ವಿರೂಪಾಕ್ಷಿಗೆ ಹಾಲು, ನೀರು, ಗುಟ್ಟಿಗಳನ್ನು ಕುಡಿಸಿದ ಬೆಳ್ಳಿಯ ಒಳಲೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ದೇವರ ಮಾಡದಲ್ಲಿಟ್ಟಿದ್ದಾಳೆ. ಈ ಮನೆಗೆ ಬಂದ ಕೂಸಿಗೆ ಅಜ್ಜಿಯಾದವಳು ಲಿಂಗಕ್ಕೆ ಎರೆದ ಬಾವಿಯ ನೀರನ್ನು ಮೊದಲು ಕುಡಿಸುವುದು ನಮ್ಮ ಮನೆತನದ ನಡಾವಳಿಯಾದ್ದರಿಂದ, ಹೆರಿಗೆಯಾಗಿ ಮೈ ಹಗುರಾದೊಡನೆ ನೀನು ಕೂಸನ್ನೆತ್ತಿಕೊಂಡು ಬರಬೇಕೆಂದೂ, ಲಿಂಗಧಾರಣೆಯೂ ತೊಟ್ಟಿಲೂ ಇಲ್ಲಿಯೇ ನಡೆಯಬೇಕೆಂದೂ, ತಡಮಾಡಿದರೆ ತಾನೇ ಬಸ್ಸು ಹತ್ತಿ ಬಂದು ಕರೆದೊಯ್ಯುವೆನೆಂದೂ ಬರೆಯಿಸುತ್ತಿದ್ದಾಳೆ.

ನಿನ್ನ ತಾಯಿತಂದೆಗಳಿಗೆ ನಮ್ಮ ಶರಣಾರ್ಥಿ. ಸುಖಪ್ರಸವವಾಗಲಿ. ತಾಯಿಯೂ ಕೂಸೂ ನೂರ್ಕಾಲ ಬಾಳಿರಿ.

ಇತಿ, ನಿನ್ನ ಮಾವ,
ಪ್ರಭುಲಿಂಗಯ್ಯ

ತಾ. ಕ. — ನಿನ್ನ ಅತ್ತೆ ಪ್ರದೋಷದ ದೀಪ ಹಚ್ಚಲು ಮಠಕ್ಕೆ ಹೋದಳು. ಆಕೆಗೆ ಓದಿ ಹೇಳಿದ ಪತ್ರ ಮೇಲಿನ ಸಹಿಗೆ ಮುಗಿಯಿತು. ಆಕೆ ಮರಳಿ ಬರುವ ಮೊದಲೇ ಇದನ್ನು ಮುಗಿಸಬೇಕು. ತಾಯಿ, ಬರಬೇಡ. ಕೂಸನ್ನು ಈ ಮನೆಗೆ ತರಬೇಡ. ಆಕೆ ಫೋನಿನಲ್ಲಿ ಅತ್ತರೂ ಬರಬೇಡ, ಬಾಗಿಲಿಗೆ ಬಂದು ನಿಂತರೂ ಕೂಸನ್ನು ಕೊಟ್ಟು ಕಳುಹಿಸಬೇಡ. ನಾನೇ ಮುನಿದು ಪತ್ರ ಬರೆದೆನೆಂದು ಹೇಳು. ಆ ಮಾತನ್ನು ನಾನು ಹೊರುತ್ತೇನೆ. ಶುದ್ಧನೀರಿನ ಘಟಕದಿಂದ ನೀರು ತರಿಸಿ, ಮಾವನವರು ಕಾವಲಿದ್ದರೆ ಸಾಲದೆ ಎಂದು ನೀನು ಕೇಳಬಹುದು. ಸಾಲದು. ನಾನು ಪೂಜೆಗೆ ಕುಳಿತಾಗ, ನೀನು ತಲೆಗೆರೆದುಕೊಳ್ಳುವಾಗ, ಕೂಸು ಒಮ್ಮೆ ಅತ್ತರೆ ಸಾಕು, ಆಕೆ ಆ ಒಳಲೆಯನ್ನು ಬಾವಿಯ ನೀರಿನಿಂದ ತುಂಬುತ್ತಾಳೆ. ಮತ್ತೆ ಅತ್ತರೆ ಮತ್ತೆ ತುಂಬುತ್ತಾಳೆ. ತೂಬಿನ ಬಳಿ ಆಕೆಯ ಮುಖ ಕಂಡವನು ನಾನು. ಆ ಕೈಯನ್ನು ಹಿಡಿದು ನಿಲ್ಲಿಸಲು ಅಂದು ನನ್ನಿಂದಾಗಲಿಲ್ಲ, ಮುಂದೆಯೂ ಆಗದು. ಮೊಮ್ಮಗುವಿನ ಮುಖ ನೋಡುವ ಪುಣ್ಯ ನನಗಿದ್ದರೆ ನಾನೇ ಬಳ್ಳಾರಿಗೆ ಬರುತ್ತೇನೆ; ಬರಿಗೈಯಲ್ಲಿ ಬರುತ್ತೇನೆ, ಅಗ್ಘವಣಿ ತರುವುದಿಲ್ಲ. ಮಠದಲ್ಲಿ ಗಂಟೆ ಬಾರಿಸಿತು. ಹುಟ್ಟಲಿರುವ ಕೂಸಿಗೆ, ಹೊತ್ತ ನಿನಗೆ, ದುಡಿದು ಸೋತ ಜಂಬುನಾಥನಿಗೆ, ತೂಬೆತ್ತಿದ ಕೈಗಳಿಗೆಲ್ಲ, ಖಾಲಿ ತೊಟ್ಟಿಲಿನ ಮುಂದೆ ಕುಳಿತುಕೊಳ್ಳಲಿರುವ ಪಂಪಾವತಿಗೆ, ಉಂಡದ್ದನ್ನು ಅರಗಿಸಲಾರದ ಈ ನೆಲಕ್ಕೆ, ಈ ಬಾವಿಗೆ ಒಳ್ಳೆಯದಾಗಲಿ. ನೀಲಕಂಠನು ಆ ನೀಲಿಯನ್ನು ತನ್ನ ಕೊರಳಿನಲ್ಲಿಯೇ ಇಟ್ಟುಕೊಂಡು, ಯಾವ ಕೂಸಿನ ತುಟಿಗೂ ಕೊಡದೆ ಕಾಯಲಿ.