ಓವನ್ನಿನಲ್ಲಿ ಮೊಳೆತ ಹೂವಿನ ಬೀಜ

ಕ್ಯುಪರ್ಟಿನೋ,
೮ ಫೆಬ್ರವರಿ ೨೦೨೬, ಭಾನುವಾರ

ಪ್ರೀತಿಯ ತನ್ವಿ ಪುಟ್ಟಿಗೆ ತಾತನ ಆಶೀರ್ವಾದ.

ಹೇಗಿದ್ದೀಯ ಮರಿ? ಕಾನ್ಸಾಸಿನಲ್ಲಿ ಹಿಮ ಬಿದ್ದಿದೆಯೆಂದು ಟಿವಿಯಲ್ಲಿ ನೋಡಿದಾಗಿನಿಂದ ನಿನ್ನ ಅಜ್ಜಿಗೆ ಸಮಾಧಾನವಿಲ್ಲ. ಕಿವಿ ಮುಚ್ಚುವಂತೆ ಟೋಪಿ ಹಾಕಿಕೋ, ಬಿಸಿಬಿಸಿಯಾಗಿ ಏನಾದರೂ ಮಾಡಿಕೊಂಡು ತಿನ್ನು. ನಾನೇ ಕಲಿಸಿದ ಅಕ್ಷರ, ನಿಧಾನವಾಗಿ ಓದು. ದಿನವೂ ಹಿಂದಿನ ಗುಡ್ಡದ ಕಡೆ ವಾಕಿಂಗ್ ಹೋಗುತ್ತೇನೆ. ಮಳೆಗೆ ಎಲ್ಲ ಹಸಿರೇ ಹಸಿರು. ಅದರಲ್ಲಿ ಈ ನೆಲದ್ದೇ ಆದ ಹುಲ್ಲು ಅಲ್ಲೊಂದು ಇಲ್ಲೊಂದು ಬುಡ ಮಾತ್ರ, ಉಳಿದದ್ದೆಲ್ಲ ಹೊರಗಿನಿಂದ ಬಂದು ಸೇರಿಕೊಂಡದ್ದು ಎಂದು ನೀನು ತೋರಿಸಿಕೊಟ್ಟ ಮೇಲೆ ಬಗ್ಗಿ ನೋಡದೆ ಮುಂದೆ ಹೋಗಲಾರೆ. ನನ್ನ ಮಂಡಿನೋವಿಗೆ ನೀನೂ ಕಾರಣ.

ಈಗ ಅಜ್ಜಿಯ ಘನಕಾರ್ಯ ಕೇಳು. ಕ್ರಿಸ್ಮಸ್ ರಜೆಗೆ ಬಂದಾಗ ನಿನ್ನ ಹುಲ್ಲುಗಾವಲಿನ ಪ್ರೇರಿ ಕ್ಲೋವರ್ ಹೂವಿನ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಇಟ್ಟಿದ್ದೆಯಲ್ಲ, ಚಳಿ ಕಂಡರೆ ಚೆನ್ನಾಗಿ ಮೊಳೆಯುತ್ತದೆ ಎಂದು. ಅದೂ ನಮ್ಮ ಹೆಸರುಕಾಳು, ಹುರಳಿಯ ಬಳಗದ್ದೇ ಎಂದು ನೀನು ಹೇಳಿದ್ದಷ್ಟೇ ಅವಳ ತಲೆಯಲ್ಲಿ ಉಳಿದಿತ್ತು. "ಫ್ರಿಜ್ಜಲ್ಲಿಟ್ರೆ ಮೊಳಕೆ ಬರುತ್ತೇನ್ರೀ?" ಎಂದು ಗುರುವಾರ ಅದನ್ನು ಗಂಟು ಕಟ್ಟಿ, ದೋಸೆ ಹಿಟ್ಟು ಹುದುಗಲು ಇಡುವ ಹಾಗೆ ಓವನ್ನಿನೊಳಗೆ ಲೈಟು ಹಾಕಿ ಇಟ್ಟುಬಿಟ್ಟಳು. ಆ ಪುಟಾಣಿ ಕಾಳಿನಲ್ಲಿ ಕೋಸಂಬರಿ ಮಾಡುತ್ತಾಳಂತೆ!

ನಿನ್ನೆ ಬೆಳಿಗ್ಗೆ ನಿನ್ನಪ್ಪ ರಮೇಶ ಫ್ರಿಜ್ ತೆರೆದವನೇ "ಅಮ್ಮಾ, ಇಲ್ಲಿದ್ದ ಬಟ್ಟೆ ಎಲ್ಲಿ?" ಎಂದು ಮನೆ ಹಾರಿಹೋಗುವಂತೆ ಕೂಗಿದ. ಕೈಯಲ್ಲಿ ನೀರಿನ ಲೋಟ. ನೀನು ಹೋದಾಗಿನಿಂದ ವಾರವಾರವೂ ಆ ಬಟ್ಟೆಗೆ ನೀರು ಚಿಮುಕಿಸುತ್ತಿದ್ದವನು ಅವನೇ ಎಂದು ಆಗ ತಿಳಿಯಿತು. ಕಂಪ್ಯೂಟರ್ ಚಿಪ್ ಕಂಪನಿಯ ಕೆಲಸ ಬಿಟ್ಟು ಕಾನ್ಸಾಸಿಗೆ ಹುಲ್ಲುಗಾವಲಿನ ಬೀಜ ಆರಿಸಲು ಹೊರಟ ನಿನಗೆ "ಹುಲ್ಲು ಕಾಯೋಕೆ ಇಷ್ಟು ಓದಿಸಿದ್ನಾ?" ಎಂದವನೂ ಅವನೇ. ರಜೆಯಲ್ಲಿ ನೀನು ಹಿತ್ತಲ ಮೂಲೆಯಲ್ಲಿ ಈ ಹೂ ಬೆಳೆಸುತ್ತೇನೆ ಎಂದರೆ "ನನ್ನ ಲಾನ್ ಮುಟ್ಟಬೇಡ" ಎಂದ. ನೀನು ರಜೆ ಮುಗಿಯುವ ಮೊದಲೇ ಹೊರಟೆ. ಅಂದಿನಿಂದ ನಿಮ್ಮಿಬ್ಬರಿಗೆ ಮಾತಿಲ್ಲ. ನನಗದು ತುಂಬ ಸಂಕಟ ಪುಟ್ಟಿ, ಮುಚ್ಚಿಡುವುದೇನು. ಗಂಟು ಬಿಚ್ಚಿದರೆ ಬೀಜಗಳಿಂದ ಬಿಳಿ ಮೊಳಕೆ ಇಣುಕಿತ್ತು. ಅವನು ಬೈಯಲಿಲ್ಲ. "ಇದು ಅವಳದ್ದು ಕಣಮ್ಮಾ" ಎಂದಷ್ಟೇ ಹೇಳಿ ಬಟ್ಟೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ನಿಂತಿದ್ದ.

ಅಜ್ಜಿಯ ಮೇಲೆ ಕೋಪ ಬೇಡ. ತಪ್ಪುಕಾಣಿಕೆಯಾಗಿ ಚಟ್ನಿಪುಡಿ ಕುಟ್ಟಿಟ್ಟಿದ್ದಾಳೆ. ಎಲ್ಲಿದ್ದರೂ ನಗುನಗುತ್ತಾ ಇರು.

ನಿನ್ನ ತಾತ,
ಅನಂತಪದ್ಮನಾಭ

ಬರೆದು ಮುಗಿಸಿದ ಮೇಲೆ: ಹೊರಗೆ ಸಲಿಕೆಯ ಸದ್ದು. ಕಿಟಕಿಯಿಂದ ನೋಡಿದರೆ ರಮೇಶ ಲಾನಿನ ಮೂಲೆ ಅಗೆಯುತ್ತಿದ್ದಾನೆ! ನಮ್ಮನ್ನು ಮೆಟ್ಟಲೂ ಬಿಡದ ಲಾನು. ಮೊಳೆತದ್ದು ಕಾಯುವುದಿಲ್ಲವಂತೆ. "ಎಷ್ಟು ಆಳ ಹಾಕ್ಬೇಕು ಅಂತ ಅವಳನ್ನ ಕೇಳಿ ಅಪ್ಪ" ಅಂದ. ನಾನು ಕೇಳುವುದಿಲ್ಲ. ಅಂಚೆಗೆ ಹಾಕಿದರೆ ತಡ, ಕಾಗದದ ಫೋಟೋ ತೆಗೆದು ಈಗಲೇ ವಾಟ್ಸಾಪ್ ಮಾಡುತ್ತಿದ್ದೇನೆ. ಓದಿದ ಕೂಡಲೇ ಫೋನ್ ಮಾಡು. ನನಗಲ್ಲ, ಅವನಿಗೆ.