ಏಳು ಪರಸಿಯ ಕೆಳಗಿನ ಬೇರು

೩ ಮಾರ್ಚ್ ೧೯೩೭, ಬೆಳಿಗ್ಗೆ

ಇವತ್ತೂ ಅದೇ — ಗೊನೆ ಕೊಯ್ಯೋದು, ಬುಟ್ಟಿ ತುಂಬೋದು. ಕೊಯ್ಯುತ್ತ ಪೀರಮ್ಮ ಅತ್ತಿಯ ನೆನಪು. ಏಳು ಪರಸಿಯ ಕಥೆ ಮೊದಲು ಹೇಳಿದಾಕಿ ಆಕೆ. ಪ್ಲೇಗಿಗೆ ಹೆದರಿ ಹೊಲದಲ್ಲಿ ಗುಡಿಸಲು ಹಾಕಿದ ವರ್ಷ. ನನಗಾಗ ಆರು.

ನಮ್ಮದು ಒಂದೇ ಎಕರೆ ದ್ರಾಕ್ಷಿ. ಮೊಳ ಅಗೆದರೆ ಪರಸಿ ಕಲ್ಲು, ಪದರ ಪದರ. ಹೋದ ಬೇಸಿಗೆ ಅಣ್ಣ ದೇವೀಂದ್ರಪ್ಪ ಮೂಡಣ ಅರ್ಧಕ್ಕೆ, ಹಳೆ ಕಲ್ಲುಕಣಿಯ ಅಂಚಿನವರೆಗೂ, ಕೆರೆಯ ಗೋಡುಮಣ್ಣು ಹೇರಿಸಿದ. ಅಲ್ಲಿ ಹಣ್ಣು ಗೋಲಿಯಷ್ಟು. ಪಡುವಣದಲ್ಲಿ ಬರೀ ಕಲ್ಲು. ಹಣ್ಣು ಕಡಲೆಗಿಂತ ಚೂರು ದೊಡ್ಡದು.

"ನೋಡೋ ಚಂದ್ರಾಮಾ, ಇದು ದ್ರಾಕ್ಷಿ. ಅದು ಆಡಿನ ಹಿಕ್ಕಿ" ಅಂದ ಅಣ್ಣ.

೪ ಮಾರ್ಚ್, ವಾಡಿ ಸ್ಟೇಷನ್

ರೈಲ್ವೆ ಗಾರ್ಡ್ ಪಿಂಟೋ ಸಾಹೇಬರ ಮೇಮಸಾಬ ಪ್ರತಿ ವರ್ಷ ಕ್ರಿಸ್‌ಮಸ್ಸಿಗೆ ದ್ರಾಕ್ಷಿ ಶರಾಬು ಹಾಕುತ್ತಾರೆ. ನಾನು ಒಯ್ದ ಎರಡೂ ಹಣ್ಣು ಬಾಯಿಗೆ ಹಾಕಿಕೊಂಡರು. ಸಣ್ಣದರ ಸಿಪ್ಪೆಯನ್ನು ಭಾಳ ಹೊತ್ತು ಅಗಿದರು.

"ದೋನೋ ಅಲಗ್. ಎರಡು ಭರಣಿ. ಮಿಕ್ಸ್ ಮಾಡಬ್ಯಾಡ!"

೨೦ ಏಪ್ರಿಲ್

ಈಗ ಬಂದೆ ವಾಡಿಯಿಂದ. ಓಡುತ್ತ ಬಂದೆ ಅಂದರೂ ನಡೆದೀತು!

ಗೋಡಿನ ಭರಣಿ — ಸಿಹಿನೀರು. "ಕುಡದು ಮರೀಬಹುದು" ಅಂದರು ಮೇಮಸಾಬ. ಕಲ್ಲಿನದು ಕುಡಿದು ಮತ್ತೆ ಬಟ್ಟಲು ತುಂಬಿಸಿಕೊಂಡರು. ನಾನು ಕುಡಿಯೋನಲ್ಲ, ಮೂಸಿದೆ. ಬೇಸಿಗೆ ಸಂಜೆ ಕಾದ ಪರಸಿಗೆ ನೀರು ಚಿಮುಕಿಸಿದ ವಾಸನೆ! ನಮ್ಮ ಹೊಲವೇ ಬಟ್ಟಲಲ್ಲಿ!

"ಬರೋ ವರ್ಷ ಕಲ್ಲಿನ ಹಣ್ಣು ಎಲ್ಲಾ ನಮಗೇ" ಅಂದರು ಸಾಹೇಬರು. ಎರಡರದೂ ಒಂದೊಂದು ಸೀಸೆ ಕೊಟ್ಟು ಕಳಿಸಿದರು.

೨೧ ಏಪ್ರಿಲ್

ಅಣ್ಣನಿಗೆ ಹೇಳಿದೆ. "ಕುಡಿಯೋರ ಮಾತು ಕೇಳಿ ಒಕ್ಕಲತನ ಮಾಡ್ತಿಯೇನು?"

೨ ಮೇ

ಅಣ್ಣ ಮುಯ್ಯಿ ಕರೆದು ಬಂದಿದ್ದಾನೆ — ಕೂಲಿ ಇಲ್ಲ, ನಮ್ಮ ಕೆಲಸಕ್ಕೆ ಅವರು, ಅವರದಕ್ಕೆ ನಾವು. ನಾಡಿದ್ದು ಹದಿನಾಲ್ಕು ಬಂಡಿ, ಪಡುವಣಕ್ಕೂ ಗೋಡು. ಕರೆದ ಮುಯ್ಯಿ ಬೇಡ ಅನ್ನುವಂತಿಲ್ಲ, ಊರಲ್ಲಿ ಮುಖ ಎತ್ತಲಾಗದು. ಹೇರಿದರೆ ನನ್ನ ಕಲ್ಲಿನ ಹಣ್ಣು ಮುಗೀತು. ಏನು ಮಾಡಲಿ…

೩ ಮೇ, ದೀಪ ಹಚ್ಚಿದ ಮೇಲೆ

ನಾಳೆ ಬರುವ ಬಂಡಿಯವರೆಲ್ಲ ಇವತ್ತು ನಮ್ಮ ಅಂಗಳದಲ್ಲೇ ಉಂಡರು. ಕಥೆ ಕೇಳಿದರು. ಪೀರಮ್ಮ ಅತ್ತಿಯದೇ ತೆಗೆದೆ — ಹಸಿದ ಬಳ್ಳಿ ಕಲ್ಲಿಗೆ ನೀರು ಕೇಳಿತು. ಕಲ್ಲು ಅಂತು, ಕೆಳಗಿಳಿ. ಬೇರು ಒಂದೊಂದು ಪರಸಿ ದಾಟಿದಾಗ ಕಲ್ಲು ಒಂದೊಂದು ರುಚಿ ಕೊಟ್ಟಿತು. ಏಳು ಪರಸಿ, ಏಳು ರುಚಿ. ಬಾಗಿಲಿಗೇ ಊಟ ಬಂದ ಬಳ್ಳಿ ಮಾತ್ರ ಮೇಲೇ ಮಲಗಿತು.

"ಕಥಿ ಹೊಟ್ಟಿ ತುಂಬಸ್ತದೇನು?" ಅಂದ ಅಣ್ಣ.

ಸಾಹೇಬರು ಕೊಟ್ಟ ಎರಡೂ ಸೀಸೆ ತಂದೆ. ಆಡು-ಕುರಿ ಕಾಯುವ ಗೊಲ್ಲಾಳಪ್ಪ ಮುಂದೆ ಬಂದ. ಅಣ್ಣನೇ ರುಮಾಲಿನಿಂದ ಅವನ ಕಣ್ಣು ಕಟ್ಟಿದ, ಅಣ್ಣನೇ ಬಟ್ಟಲು ಅದಲುಬದಲು ಮಾಡಿದ. ಮೂರು ಸಲ. ಕಲ್ಲಿಂದು ಯಾವುದು ಅಂತ ಮೂರೂ ಸಲ ಸರಿ ಹೇಳಿದ!

"ಇದು ನನ್ನ ಆಡು ನೆಕ್ಕೋ ಕಲ್ಲು ನೋಡ್ರಿ. ಇದು ಗೋಡಿಂದು — ಅತ್ತಿ ಮನ್ಯಾಗ ಉಂಡು ಮಲಗಿದ ಅಳಿಯ!"

ಅಂಗಳವೆಲ್ಲ ನಗೆ.

"ನಾಕನೇದು ಹಾಕ್ರಿ, ಇನ್ನಾ ಪಕ್ಕಾ ಆಗಲಿ" ಅಂದ ಗೊಲ್ಲಾಳಪ್ಪ.

"ಸಾಕು ಬಿಡೋ, ಪಕ್ಕಾ ಆಗ್ಯದ" ಅಂದಳು ಅತ್ತಿಗೆ ಮಹಾದೇವಮ್ಮ.

ಅಣ್ಣ ಕಲ್ಲಿನ ಬಟ್ಟಲು ಎತ್ತಿ ಮೂಸಿ ನೋಡಿದ, ಎದ್ದು ಹೋದ.

೪ ಮೇ, ಮಧ್ಯಾಹ್ನ

ಬೆಳಿಗ್ಗೆ ಹದಿನಾಲ್ಕೂ ಬಂಡಿ ಬಂದವು. ಖಾಲಿ! ಕೆರೆಯ ಕಡೆ ತಿರುಗಲೇ ಇಲ್ಲ. ಹೊಲದ ಮೂಡಣ ಅರ್ಧಕ್ಕೆ ಬಂದು ನಿಂತವು. ನಿನ್ನೆ ಕಥೆ ಕೇಳಿದವರೆಲ್ಲ ಬುಟ್ಟಿ ಹಿಡಿದು ಇಳಿದರು, ಹೋದ ವರ್ಷ ಹೇರಿದ ಗೋಡು ಬಾಚತೊಡಗಿದರು. ರಾತ್ರಿಯೇ ಅಣ್ಣ ಮನೆಮನೆಗೆ ಹೋಗಿ ಹೇಳಿದ್ದನಂತೆ. ಎಲ್ಲರಿಗಿಂತ ಮೊದಲು ಬಂದಿದ್ದವನೂ ಅವನೇ.

"ಜೋಳದ ಹೊಲಕ್ಕ ಹಾಕ್ರಿ. ಬುಡಕ್ಕ ಸಲಿಕಿ ಮುಟ್ಟಿಸಬ್ಯಾಡ್ರಿ!"

ಬುಡದ ಮಣ್ಣು ತಾನೇ ಕೈಯಿಂದ ಬಿಡಿಸುತ್ತಿದ್ದ. "ಮ್ಯಾಲೇ ಸುತ್ಯಾವೋ ತಮ್ಮಾ ಬೇರು. ಕೆಳಗಿನ ದಾರಿ ಮರತಾವೇನೋ…"

ಕಣಿಯ ಅಂಚಿನ ಗೋಡು ಜಾರಿತು. ಒಡೆದ ಕಲ್ಲಿನ ಗೋಡೆ ಕಂಡಿತು. ಸಂದಿಯಲ್ಲಿ ಬೆರಳು ಗಾತ್ರದ ಹಳೆ ಬೇರು, ನೆಟ್ಟಗೆ ಕೆಳಗೆ. ಅಣ್ಣ ಕಣಿಗೆ ಇಳಿದ. ಬೆರಳಿಟ್ಟು ಎಣಿಸಿದ, ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ. ಒಂದು ಪರಸಿ… ಎರಡು… ಮೂರು…