ಬೆಳ್ಳಿಯ ಬಟ್ಟಲು, ಅಕ್ಕಂದಿರ ಎಂಜಲು

ನನ್ನ ರೂಮ್‌ಮೇಟ್ ಶೈಲಾ,

ಮೈಸೂರಿನ ಹಾಸ್ಟೆಲಿನಲ್ಲಿ ನಮ್ಮಿಬ್ಬರಿಗೂ ಒಂದೇ ತಟ್ಟೆ ಇದ್ದದ್ದು ನೆನಪಿದೆಯೇ? ನಿನ್ನದನ್ನು ಯಾರೋ ಎತ್ತಿಕೊಂಡು ಹೋದ ಮೇಲೆ ನೀನು ಇನ್ನೊಂದು ಕೊಳ್ಳಲೇ ಇಲ್ಲ. ನಾನು ಕವಿತೆ ಓದುತ್ತ ಕೂತರೆ ನೀನು ಸಾರನ್ನ ಕಲಸಿ, ಒಂದು ತುತ್ತು ನಿನಗೆ, ಒಂದು ನನಗೆ... ಎಂಜಲು ಎಂಬ ಮಾತೇ ನಮ್ಮ ನಡುವೆ ಬರಲಿಲ್ಲ. ಈಗ ಆ ಮಾತು ನಾಲಿಗೆ ಬಿಟ್ಟು ಹೋಗುತ್ತಿಲ್ಲ.

ನಿನ್ನ ಕೊನೆಯ ದಿನಗಳಲ್ಲಿ, ಪರ್ತ್‌ನ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, "ನಿಧಿ ಬ್ರಿಸ್ಬೇನಿಗೇ ಬರ್ಲಿ ಕಣೇ, ನಿನ್ ಕಣ್ಣೆದುರಿಗಿರ್ತಾಳೆ" ಅಂದೆಯಲ್ಲ. ಬಂದಳು. ನಾನು ಪಿಎಚ್‌ಡಿ ಮಾಡುತ್ತ ಟ್ಯೂಟರ್ ಆಗಿ ವಾಸವಿದ್ದ ಹೆಣ್ಣುಮಕ್ಕಳ ಹಾಸ್ಟೆಲಿಗೇ ಸೇರಿದಳು. ಇಲ್ಲಿ ಹಳಬರು ಅಕ್ಕಂದಿರು, ಹೊಸಬರು ತಂಗಿಯರು. ನಿನ್ನ ಮಗಳಿಗೆ ಮನೆಯೇ ಸಿಕ್ಕಿತು ಎಂದುಕೊಂಡಿದ್ದೆ.

ಊಟದ ಕೋಣೆಯ ಕಪಾಟಿನಲ್ಲಿ ಒಂದು ಬೆಳ್ಳಿಯ ಬಟ್ಟಲಿದೆ. ಹಿಂದೆ ಗಂಡಸರ ಹಾಸ್ಟೆಲಿನ ಔತಣಕ್ಕೆ ಹೆಂಗಸರನ್ನು ಕರೆಯುತ್ತಿರಲಿಲ್ಲವಂತೆ. ಇಲ್ಲಿಯ ಮೊದಲ ಹುಡುಗಿಯರು ಸಿಟ್ಟಿಗೆದ್ದು ತಾವೇ ಔತಣ ಮಾಡಿ, ಅದೊಂದೇ ಬಟ್ಟಲಿನಿಂದ ಸರದಿಯಲ್ಲಿ ವೈನ್ ಕುಡಿದರಂತೆ. ಕೇಳಿದಾಗ ನಮ್ಮ ತಟ್ಟೆ ನೆನಪಾಗಿತ್ತು.

ಆ ಔತಣ ಈಗಲೂ ವರ್ಷಕ್ಕೊಮ್ಮೆ ನಡೆಯುತ್ತದೆ. ಕಳೆದ ವರ್ಷ ಅದರ ಮರುದಿನ ನಿಧಿ ವಾಂತಿ ಮಾಡುತ್ತ ಮಲಗಿದ್ದಳು. ಹೊರಗಿನ ತಿಂಡಿ ಸೇರಲಿಲ್ಲ ಎಂದಳು. ನಂಬಿ ಗಂಜಿ ಮಾಡಿಕೊಟ್ಟೆ. ಟ್ಯೂಟರ್‌ಗಳಿಗೆ ಅಲ್ಲಿ ಪ್ರವೇಶವಿಲ್ಲ, ನನಗೆ ಹೇಗೆ ತಿಳಿಯಬೇಕು?

ಈ ವರ್ಷ ಔತಣದ ರಾತ್ರಿ, ಊಟದ ಕೋಣೆಯಲ್ಲಿ ಮರೆತ ಕನ್ನಡಕ ತರಲು ಒಳಗೆ ಹೋದೆ. ಅಕ್ಕಂದಿರು ತಿಂದು ಬಿಟ್ಟದ್ದನ್ನೆಲ್ಲ ಆ ಬಟ್ಟಲಿಗೆ ಬಳಿಯುತ್ತಿದ್ದರು. ಅಗಿದ ಮಾಂಸ, ಗ್ರೇವಿ, ಬಿಯರು. ಒಬ್ಬಳು ಅದಕ್ಕೆ ಉಗಿದಳು. ಅಡಿಲೇಡಿನಿಂದ ಬಂದ ಹೊಸ ಹುಡುಗಿ ಮೊಣಕಾಲೂರಿ ಅಳುತ್ತಿದ್ದಳು. ಅವಳ ಗದ್ದ ಎತ್ತಿ ಬಟ್ಟಲನ್ನು ತುಟಿಗೆ ಒತ್ತುತ್ತಿದ್ದವಳು ನಿಧಿ. ನಗುತ್ತಿದ್ದಳು ಶೈಲಾ, ಥೇಟ್ ನಿನ್ನ ಹಾಗೆ.

ಬಟ್ಟಲು ಕಿತ್ತುಕೊಂಡು ಸಿಂಕಿಗೆ ಸುರಿದೆ. ನನ್ನ ಕೈಯೆಲ್ಲ ಆ ವಾಸನೆ. ನಿಧಿ ಹಿಂದೆಯೇ ಬಂದಳು. "ರಿಲ್ಯಾಕ್ಸ್ ಆಂಟಿ, ಇಟ್ಸ್ ಟ್ರೆಡಿಷನ್. ವಿ ಆಲ್ ಡಿಡ್ ಇಟ್."

"ನಿಂಗೆ ಅಸಹ್ಯ ಆಗಲ್ವೇನೇ?"

"ಹೋದ್ ವರ್ಷ ಆಯ್ತು," ಅಂದಳು. ಎಂದೂ ಕನ್ನಡದಲ್ಲಿ ಉತ್ತರ ಕೊಡದವಳು.

ಮುಖ್ಯಸ್ಥೆಗೆ ದೂರು ಕೊಟ್ಟೆ. ಅವರೂ ಇದೇ ಹಾಸ್ಟೆಲಿನ ಹಳೆಯ ತಂಗಿ. ತಮ್ಮ ಕಾಲದಲ್ಲಿ ಬರೀ ಕಸ್ಟರ್ಡ್ ಇರುತ್ತಿತ್ತು ಎಂದು ನಕ್ಕು, ನನಗೇ ಟೀ ಕೊಟ್ಟರು. ಆ ಕಪ್ಪನ್ನು ಮುಟ್ಟಲಾಗಲಿಲ್ಲ. ಬೆಳ್ಳಿಯ ಬಟ್ಟಲು ಪಾಲಿಶ್ ಆಗಿ ಮತ್ತೆ ಕಪಾಟು ಸೇರಿದೆ. ನಾನು ಕೆಲಸ ಬಿಟ್ಟು ಸನ್ನಿಬ್ಯಾಂಕ್ ಬಡಾವಣೆಯಲ್ಲಿ ಒಂದು ರೂಮು ಹಿಡಿದಿದ್ದೇನೆ. ನಿನ್ನ ಮಗಳ ಜೊತೆ ಮಾತು ನಿಂತಿತ್ತು.

ನಿನ್ನೆ ಅವಳ ಮೆಸೇಜು ಬಂತು. ಭಾನುವಾರ ಆರ್ವೋ, ಅಂದರೆ ಇಲ್ಲಿಯವರ ಮಾತಿನಲ್ಲಿ ಮಧ್ಯಾಹ್ನ, ಬರಲೇ, ಸಾರನ್ನ ಇರುತ್ತದೆಯೇ ಎಂದು ಕೇಳಿದ್ದಾಳೆ. ಬಾ ಅಂದಿದ್ದೇನೆ. ಆ ಹುಡುಗಿಯ ಗದ್ದ ಹಿಡಿದ ಕೈ ಕಣ್ಣಿಗೆ ಕಟ್ಟಿದೆ. ಆದರೂ ಒಂದೇ ತಟ್ಟೆ ಇಡುತ್ತೇನೆ. ನಿನ್ನ ತುತ್ತಿನ ಕಥೆ ಹೇಳುತ್ತೇನೆ. ಅಸಹ್ಯ ಪಡುವುದಿಲ್ಲ ಎಂದು ನಿನಗೆ ಮಾತು ಕೊಡಲಾರೆ. ಅವಳು ಕಲಸಿದ ಅನ್ನಕ್ಕೆ ಕೈ ಹಾಕುತ್ತೇನೆ, ಅಷ್ಟೆ.